ಗೋಡೆಯ ಒಳಗಿನ ತಾಲಿನ್, ಗೋಡೆಯ ಹೊರಗಿನ ತಾಲಿನ್

ಉತ್ತರ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳು, ಅದರಲ್ಲೂ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ನೆಲೆಸಿದವರು, ಓದಿನ ನಡುವೆ ಸಿಗುವ ಬಿಡುವಿನಲ್ಲಿ ನೋಡಿಬರಲು ಸುಲಭವಾಗಿ ಒದಗುವ ಮತ್ತೊಂದು ದೇಶದ ಊರೆಂದರೆ ಎಸ್ಟೋನಿಯಾದ ರಾಜಧಾನಿ ತಾಲಿನ್. ಎರಡು ನಗರಗಳ ನಡುವೆ ಇರುವುದು ಬಾಲ್ಟಿಕ್ ಸಮುದ್ರದ ಒಂದು ಕವಲಾದ ಫಿನ್ಲೆಂಡ್ ಕೊಲ್ಲಿ ಮಾತ್ರ; ಸುಮಾರು 80 ಕಿಲೋಮೀಟರಿನ ಆ ನೀರನ್ನು ಇಂದಿನ ದೊಡ್ಡ ಹಡಗುಗಳು ಎರಡು ಗಂಟೆಯಲ್ಲಿ ದಾಟುತ್ತವೆ, ದಿನವೊಂದಕ್ಕೆ ಹಲವು ಹಡಗುಗಳು ಹೊರಡುವುದರಿಂದ ಬೆಳಿಗ್ಗೆ ಹೋದವರು ರಾತ್ರಿಗೆ ಹಾಸ್ಟೆಲ್ ಸೇರಿಕೊಳ್ಳಬಹುದು. ಎರಡೂ ದೇಶಗಳು ಷೆಂಗೆನ್ ಒಪ್ಪಂದಕ್ಕೆ, ಅಂದರೆ ಸದಸ್ಯ ದೇಶಗಳ ನಡುವಣ ಗಡಿ ತಪಾಸಣೆಯನ್ನು ತೆಗೆದುಹಾಕಿದ ವ್ಯವಸ್ಥೆಗೆ ಸೇರಿರುವುದರಿಂದ, ಫಿನ್ಲೆಂಡಿನ ವಾಸದ ಪರವಾನಗಿ ಪಡೆದ ಭಾರತೀಯ ವಿದ್ಯಾರ್ಥಿಗೆ ಎಸ್ಟೋನಿಯಾಕ್ಕೆ ಹೋಗಲು ಬೇರೆ ವೀಸಾ ಬೇಕಾಗುವುದಿಲ್ಲ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಅಲ್ಲಿರಲು ಅವಕಾಶವಿದೆ, ಆದರೆ ಪಾಸ್‌ಪೋರ್ಟ್ ಮತ್ತು ಪರವಾನಗಿಯ ಕಾರ್ಡು ಎರಡೂ ಜೊತೆಯಲ್ಲಿರಬೇಕು.

ಹೀಗೆ ಒಂದು ದಿನದ ಮಟ್ಟಿಗೆ ಬಂದುಹೋಗುವವರಲ್ಲಿ ಹೆಚ್ಚಿನವರು ಕಾಣುವುದು ಕೋಟೆಗೋಡೆಯೊಳಗಿನ ಹಳೆಯ ಪಟ್ಟಣವನ್ನು. ಕೆಂಪು ಹೆಂಚಿನ ಮಾಡುಗಳು, ಚೂಪು ಗೋಪುರಗಳು, ಗುಂಡುಕಲ್ಲು ಹಾಸಿದ ಇಕ್ಕಟ್ಟಾದ ಬೀದಿಗಳು, ಪುರಭವನದ ಎದುರಿನ ವಿಶಾಲವಾದ ಚೌಕ, ಇವೆಲ್ಲ ಸೇರಿ ಮಧ್ಯಯುಗದ ಒಂದು ಊರು ಕಣ್ಣೆದುರಿಗೇ ಉಳಿದು ಬಂದಿರುವ ಆ ನೋಟವನ್ನು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ನಿಜವಾಗಿಯೂ ಸುಂದರವಾದ ಪಟ್ಟಣ. ಆದರೆ ಅದನ್ನು ಕಟ್ಟಿಸಿದವರು, ಶತಮಾನಗಳ ಕಾಲ ಆಳಿದವರು, ಅದರ ಒಳ್ಳೆಯ ಮನೆಗಳಲ್ಲಿ ಬಾಳಿದವರು ಎಸ್ಟೋನಿಯನ್ನರಲ್ಲ ಎಂಬುದನ್ನು ಅರಿಯದೆ ನೋಡಿದರೆ ಊರಿನ ಅರ್ಧ ಕಥೆ ಕೈತಪ್ಪುತ್ತದೆ. ಗೋಡೆಯ ಒಳಗಿನ ಊರು ಬೇರೆ, ಹೊರಗಿನ ಊರು ಬೇರೆ. ಒಳಗಿನದು ಕಲ್ಲಿನದು, ಹೊರಗಿನದು ಬಹುಮಟ್ಟಿಗೆ ಮರದ್ದು. ಎಸ್ಟೋನಿಯನ್ನರು ತಮ್ಮದೆಂದು ಹೇಳಿಕೊಳ್ಳುವ ಚರಿತ್ರೆಯಲ್ಲಿ ಹೆಚ್ಚಿನ ಪಾಲು ನಡೆದಿರುವುದು ಹೊರಗಡೆ.

ಒಳಗಿನದೂ ಹಿಂದೆ ಒಂದು ಊರಾಗಿರಲಿಲ್ಲ. ಬಂದರಿನಿಂದ ಹದಿನೈದು ಇಪ್ಪತ್ತು ನಿಮಿಷ ನಡೆದು ಹಳೆಯ ಪಟ್ಟಣ ತಲುಪಿದ ವಿದ್ಯಾರ್ಥಿ ಗಮನಿಸಬೇಕಾದ ಮೊದಲ ಸಂಗತಿ ಇದು. ತೋಂಪೆಯಾ ಎಂದು ಕರೆಯುವ ಸುಣ್ಣಕಲ್ಲಿನ ಗುಡ್ಡದ ಮೇಲೆ ಕೋಟೆ, ಬಿಷಪ್ಪನ ಪೀಠ ಮತ್ತು ಜಮೀನ್ದಾರರ ಮನೆಗಳು. ಗುಡ್ಡದ ಬುಡದಲ್ಲಿ ವರ್ತಕರ ಮತ್ತು ಕಸುಬುದಾರರ ಪೇಟೆ. 1219ರಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ವಾಲ್ಡೆಮಾರ್ ಈ ಗುಡ್ಡವನ್ನು ಗೆದ್ದ ಮೇಲೆ ಕೆಳಗಿನ ಪೇಟೆಗೆ ಜರ್ಮನ್ ವರ್ತಕರು ಬಂದು ನೆಲೆಸಿದರು. 1248ರಲ್ಲಿ ಪೇಟೆಗೆ ಲ್ಯೂಬೆಕ್ ನಗರದ ಕಾನೂನು ಜಾರಿಗೆ ಬಂತು, ಅಂದರೆ ವರ್ತಕರೇ ಸಭೆ ಕೂಡಿ ತಮ್ಮ ಊರನ್ನು ತಾವೇ ನಡೆಸಿಕೊಳ್ಳುವ ಹಕ್ಕು ದೊರೆಯಿತು. ಗುಡ್ಡದ ಮೇಲಿನವರಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಎರಡರ ನಡುವೆ ಗೋಡೆ ಎದ್ದಿತು, ಗೋಡೆಯ ಬಾಗಿಲಿಗೆ ರಾತ್ರಿ ಹೊತ್ತು ಬೀಗ ಬೀಳುತ್ತಿತ್ತು; ಆಡಳಿತದ ಈ ಒಡಕು 19ನೇ ಶತಮಾನದ ಕೊನೆಯ ಭಾಗದವರೆಗೂ ಮುಂದುವರಿಯಿತು. ಇಂದು ‘ಉದ್ದ ಕಾಲು’ ಎಂಬ ಹೆಸರಿನ ಏರುದಾರಿಯಲ್ಲಿ ಹತ್ತುವಾಗ ಆ ಬಾಗಿಲಿನ ಗೋಪುರದ ಕೆಳಗೇ ಹಾದುಹೋಗಬೇಕು. ಕೈಯಲ್ಲಿ ಕ್ಯಾಮೆರಾ ಹಿಡಿದು ಮೇಲಿನ ನೋಟದ ಕಟ್ಟೆಗಳತ್ತ ಧಾವಿಸುವವರಲ್ಲಿ ಬಹಳ ಮಂದಿ ಅಲ್ಲಿ ನಿಲ್ಲುವುದಿಲ್ಲ.

ಕೆಳಗಿನ ಪೇಟೆಯ ಸಂಪತ್ತಿಗೆ ಮೂಲ ವ್ಯಾಪಾರ, ಅದರಲ್ಲೂ ಉಪ್ಪು. ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ತೀರದ ನಗರಗಳು ತಮ್ಮ ವ್ಯಾಪಾರದ ಹಕ್ಕುಗಳನ್ನು ಒಟ್ಟಾಗಿ ಕಾಪಾಡಿಕೊಳ್ಳಲು ಕಟ್ಟಿಕೊಂಡಿದ್ದ ಹಾನ್ಸಿಯಾಟಿಕ್ ಒಕ್ಕೂಟಕ್ಕೆ 13ನೇ ಶತಮಾನದ ಕೊನೆಯ ಹೊತ್ತಿಗೆ ಈ ಊರೂ ಸೇರಿತು. ಆಗ ಅದರ ಹೆಸರು ರೆವಾಲ್. ಪಶ್ಚಿಮ ಯುರೋಪಿನಿಂದ ಉಪ್ಪು ಮತ್ತು ಬಟ್ಟೆ ಬರುತ್ತಿದ್ದವು, ರಷ್ಯದ ನವ್ಗೊರೊದ್ ಕಡೆಯಿಂದ ತುಪ್ಪಳ ಮತ್ತು ಮೇಣ, ಸುತ್ತಲಿನ ಹಳ್ಳಿಗಳಿಂದ ರೈ ಧಾನ್ಯ ಮತ್ತು ಅಗಸೆಯ ನಾರು ಹೊರಡುತ್ತಿದ್ದವು. ಎರಡೂ ಕಡೆಯ ಸರಕು ಈ ಪೇಟೆಯಲ್ಲಿ ಕೈ ಬದಲಾಯಿಸಬೇಕಾಗಿದ್ದರಿಂದ ಇಲ್ಲಿಯ ವರ್ತಕರಿಗೆ ಎರಡು ಕಡೆಯಿಂದಲೂ ಲಾಭ. ಆ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ಪಿಕ್ ಎಂಬ ಉದ್ದ ಬೀದಿಯ ಮನೆಗಳ ಮುಖದಲ್ಲಿ ಇಂದಿಗೂ ಓದಬಹುದು. ಮನೆಯ ಮುಂಭಾಗ ಕಿರಿದು, ಹಿಂದಕ್ಕೆ ಉದ್ದ. ಕೆಳಗೆ ಎತ್ತರವಾದ ಪಡಸಾಲೆ, ಅಲ್ಲೇ ಗಿರಾಕಿಗಳೊಡನೆ ಮಾತುಕತೆ. ಅದರ ಮೇಲಿನ ಅಂತಸ್ತುಗಳು ವಾಸಕ್ಕಲ್ಲ, ಉಗ್ರಾಣಕ್ಕೆ. ತ್ರಿಕೋನಾಕಾರದ ಮುಮ್ಮೊಗದ ತುದಿಯಿಂದ ಬೀದಿಗೆ ಚಾಚಿಕೊಂಡಿರುವ ದಪ್ಪ ತೊಲೆ ಅಲಂಕಾರದ್ದಲ್ಲ. ಅದಕ್ಕೆ ರಾಟೆ ಕಟ್ಟಿ ಮೂಟೆಗಳನ್ನು ಮೇಲೆತ್ತಿ, ಅಟ್ಟದ ಬಾಗಿಲಿನ ಮೂಲಕ ಒಳಗೆ ಎಳೆದುಕೊಳ್ಳುತ್ತಿದ್ದರು. ವರ್ತಕನ ಕುಟುಂಬ ತನ್ನ ಬಂಡವಾಳದ ಕೆಳಗೆ ಮಲಗುತ್ತಿತ್ತು.

1404ರಲ್ಲಿ ಈಗಿನ ರೂಪ ತಳೆದ ಪುರಭವನ, ಅದರ ಶಿಖರದಲ್ಲಿ ಗಾಳಿಯ ದಿಕ್ಕು ತೋರುವ ‘ಮುದುಕ ಥಾಮಸ್’ ಎಂಬ ಲೋಹದ ಕಾವಲುಗಾರ, ಚೌಕದ ಒಂದು ಮೂಲೆಯಲ್ಲಿ 1422ಕ್ಕೂ ಮೊದಲೇ ಇದ್ದು ಇಂದಿಗೂ ಔಷಧಿ ಮಾರುತ್ತಿರುವ ಅಂಗಡಿ, ಒಂದು ಕಾಲಕ್ಕೆ ಲೋಕದಲ್ಲೇ ಅತಿ ಎತ್ತರದ ಕಟ್ಟಡವೆಂದು ಹೇಳಿಸಿಕೊಂಡಿದ್ದ, ಈಗ ಸುಮಾರು 124 ಮೀಟರ್ ಎತ್ತರವಿರುವ ಸಂತ ಒಲಾಫನ ಚರ್ಚು, ಇವನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಬಿಡುವುದಿಲ್ಲ, ಆದ್ದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಹೊತ್ತು ಕಡಿಮೆಯಿದ್ದು ಹಣ ಕೊಟ್ಟು ಒಳಹೋಗಲು ಒಂದೇ ಕಟ್ಟಡವನ್ನು ಆರಿಸಿಕೊಳ್ಳಬೇಕಾದರೆ ಅದು ನಿಗುಲಿಸ್ಟೆ, ಅಂದರೆ ಸಂತ ನಿಕೊಲಾಸನ ಹಳೆಯ ಚರ್ಚು. ಈಗ ಅದು ವಸ್ತುಸಂಗ್ರಹಾಲಯ, ವಿದ್ಯಾರ್ಥಿಗಳಿಗೆ ಟಿಕೆಟ್ಟಿನಲ್ಲಿ ರಿಯಾಯಿತಿಯಿದೆ.

ಅಲ್ಲಿರುವುದು ಲ್ಯೂಬೆಕ್‌ನ ಕಲಾವಿದ ಬೆರ್ನ್ಟ್ ನೊಟ್ಕೆ 15ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ‘ಮೃತ್ಯುವಿನ ಕುಣಿತ’ ಎಂಬ ಚಿತ್ರದ ಉಳಿದ ತುಂಡು. ಉದ್ದ ಸುಮಾರು ಏಳೂವರೆ ಮೀಟರ್. ಎಡತುದಿಯಲ್ಲಿ ಪೀಠದ ಮೇಲೆ ನಿಂತ ಉಪದೇಶಕ. ಅವನ ಪಕ್ಕದಲ್ಲಿ ತೊಗಲಿನ ಚೀಲಕ್ಕೆ ಕೊಳವೆ ಜೋಡಿಸಿದ ವಾದ್ಯವನ್ನು ಊದುತ್ತಾ ಕುಳಿತ ಅಸ್ಥಿಪಂಜರ. ಮುಂದೆ ಪೋಪ್, ಚಕ್ರವರ್ತಿ, ಚಕ್ರವರ್ತಿನಿ, ಕಾರ್ಡಿನಲ್ ಎಂಬ ಹಿರಿಯ ಪಾದ್ರಿ, ದೊರೆ, ಪ್ರತಿಯೊಬ್ಬರ ನಡುವೆಯೂ ಒಂದೊಂದು ಮೃತ್ಯು. ಮೃತ್ಯುಗಳು ಹೆಣದ ಬಟ್ಟೆ ಸುತ್ತಿಕೊಂಡು ಕಾಲೆತ್ತಿ ಕುಣಿಯುತ್ತಿವೆ. ಜರತಾರಿ ಮತ್ತು ತುಪ್ಪಳದ ನಿಲುವಂಗಿ ತೊಟ್ಟ ದೊಡ್ಡ ಮನುಷ್ಯರು ಮಾತ್ರ ಕಾಲು ನೆಲಕ್ಕಂಟಿದವರಂತೆ ನಿಂತಿದ್ದಾರೆ. ಕೈ ಹಿಡಿದೆಳೆಯುವ ಮೃತ್ಯುವಿನ ಕಡೆಗೆ ಯಾರೂ ಕಣ್ಣೆತ್ತಿ ನೋಡುತ್ತಿಲ್ಲ. ಪ್ಲೇಗು ಮತ್ತೆ ಮತ್ತೆ ಬಂದುಹೋಗುತ್ತಿದ್ದ ಕಾಲದಲ್ಲಿ, ಸಾವಿನೆದುರು ಪದವಿ ನಿಲ್ಲುವುದಿಲ್ಲವೆಂಬ ಮಾತನ್ನು ಹೇಳಲು ಯುರೋಪಿನ ಹಲವು ಚರ್ಚುಗಳಲ್ಲಿ ಇಂಥ ಚಿತ್ರಗಳನ್ನು ಬರೆಸುತ್ತಿದ್ದರು. ಚಿತ್ರದ ಕೆಳಗೆ ಆ ಕಾಲದ ವರ್ತಕರ ಭಾಷೆಯಾಗಿದ್ದ ಕೆಳನಾಡಿನ ಜರ್ಮನ್‌ನಲ್ಲಿ ಮೃತ್ಯು ಮತ್ತು ಮನುಷ್ಯರ ಸಂವಾದದ ಪದ್ಯಗಳಿವೆ. ಲ್ಯೂಬೆಕ್‌ನಲ್ಲೇ ಇದ್ದ ಇದೇ ಬಗೆಯ ಚಿತ್ರ 1942ರ ಬಾಂಬ್ ದಾಳಿಯಲ್ಲಿ ನಾಶವಾಯಿತು. 1944ರ ಮಾರ್ಚ್ 9ರ ರಾತ್ರಿ ಸೋವಿಯತ್ ವಿಮಾನಗಳು ತಾಲಿನ್ ಮೇಲೆ ಬಾಂಬ್ ಸುರಿಸಿದಾಗ ನಿಗುಲಿಸ್ಟೆ ಹೊತ್ತಿ ಉರಿಯಿತು, ಮಗ್ಗುಲಿನ ಹಾರ್ಯು ಬೀದಿಯ ಮನೆಗಳು ನೆಲಸಮವಾದವು. ಮೊದಲೇ ಬೇರೆಡೆಗೆ ಸಾಗಿಸಿದ್ದರಿಂದ ಈ ಚಿತ್ರ ಉಳಿಯಿತು.

ಇಷ್ಟೆಲ್ಲ ಯುದ್ಧಗಳ ನಡುವೆ ಹಳೆಯ ಪಟ್ಟಣ ಇಷ್ಟರಮಟ್ಟಿಗೆ ಉಳಿದದ್ದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಪ್ರೀತಿಯಿಂದ ಕಾಪಾಡಿದ್ದರಿಂದ ಎಂಬ ಉತ್ತರ 20ನೇ ಶತಮಾನಕ್ಕೆ ಹೊಂದುತ್ತದೆ. ಅದಕ್ಕೂ ಹಿಂದಿನ ಕಾಲಕ್ಕೆ ಸರಿಯಾದ ಉತ್ತರ ಬಡತನ. 16ನೇ ಶತಮಾನದ ಉತ್ತರಾರ್ಧದ ಲಿವೋನಿಯಾ ಯುದ್ಧದಲ್ಲಿ ರಷ್ಯದ ಕಡೆಯ ವ್ಯಾಪಾರ ಮುರಿದುಬಿತ್ತು, ಒಕ್ಕೂಟವೂ ಸೊರಗಿತು. 1561ರಲ್ಲಿ ಊರು ಸ್ವೀಡನ್ನಿನ ಕೈಸೇರಿತು. 1710ರಲ್ಲಿ ಪೀಟರ್ ದೊರೆಯ ರಷ್ಯನ್ ಸೇನೆಗೆ ಶರಣಾಗುವ ಹೊತ್ತಿಗೆ ಪ್ಲೇಗಿನಿಂದಾಗಿ ಜನಸಂಖ್ಯೆಯ ಬಹುಭಾಗ ಅಳಿದುಹೋಗಿತ್ತು. ಹಳೆಯ ಮನೆಯನ್ನು ಕೆಡವಿ ಹೊಸ ಶೈಲಿಯಲ್ಲಿ ಕಟ್ಟಿಸುವಷ್ಟು ಹಣ ವರ್ತಕರ ಬಳಿ ಉಳಿದಿರಲಿಲ್ಲವಾದ್ದರಿಂದ ಇದ್ದುದನ್ನೇ ದುರಸ್ತಿ ಮಾಡಿಕೊಂಡು ಬಾಳಿದರು. ಶ್ರೀಮಂತಿಕೆ ಕಟ್ಟಿದ್ದನ್ನು ದಾರಿದ್ರ್ಯ ಕಾಯಿತು. ಸೋವಿಯತ್ ಆಡಳಿತದ ಕಾಲದಲ್ಲಿ, 1966ರಲ್ಲಿ, ಇಡೀ ಹಳೆಯ ಪಟ್ಟಣವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸೋವಿಯತ್ ಒಕ್ಕೂಟದಲ್ಲಿ ಇಂಥ ಕ್ರಮ ಅದೇ ಮೊದಲು. ಇಂದು ಗೋಡೆಯ ಸುಮಾರು ಎರಡು ಕಿಲೋಮೀಟರ್ ಭಾಗ ಮತ್ತು ಇಪ್ಪತ್ತಕ್ಕೂ ಹೆಚ್ಚು ಬುರುಜುಗಳು ನಿಂತಿವೆ.

ಈ ಎಲ್ಲ ಕಾಲಗಳಲ್ಲಿ ಎಸ್ಟೋನಿಯನ್ನರು ಎಲ್ಲಿದ್ದರು? ಊರಿನ ಒಳಗೇ ಇದ್ದರು; ಹೇರು ಹೊರುವವರಾಗಿ, ಗಾಡಿ ಹೊಡೆಯುವವರಾಗಿ, ಕಲ್ಲುಕುಟಿಗರಾಗಿ, ಮನೆಗೆಲಸದವರಾಗಿ. ಮದುವೆಯಾದ ದೊಡ್ಡ ವರ್ತಕರಿಗೆ ಒಂದು ಶ್ರೇಣಿ, ಮದುವೆಯಾಗದ ವರ್ತಕರಿಗೆ ಇನ್ನೊಂದು ಎಂದು ಹಂಚಿಕೊಂಡಿದ್ದ ಆ ವ್ಯವಸ್ಥೆಯಲ್ಲಿ, ಅಂದರೆ ವೃತ್ತಿಯ ಹಕ್ಕನ್ನೂ ಊರಿನ ಅಧಿಕಾರವನ್ನೂ ಸದಸ್ಯರಿಗಷ್ಟೇ ಮೀಸಲಿಟ್ಟಿದ್ದ ಸಂಘಗಳಲ್ಲಿ, ಅವರಿಗೆ ಜಾಗವಿರಲಿಲ್ಲ. ಕಡತಗಳಲ್ಲಿ ಅವರನ್ನು ‘ಜರ್ಮನರಲ್ಲದವರು’ ಎಂದೇ ಗುರುತಿಸುತ್ತಿದ್ದರು. ಊರಿನ ಹೊರಗೆ, ಜಮೀನ್ದಾರರ ನೆಲದಲ್ಲಿ, ಅವರು ಜೀತದಾಳುಗಳು. ಆ ಜೀತ ಕಾನೂನಿನ ಪ್ರಕಾರ ರದ್ದಾದದ್ದು 1816ರಲ್ಲಿ. ಗುಡ್ಡದ ಮೇಲಿನ ನೋಟದ ಕಟ್ಟೆಯಲ್ಲಿ ನಿಂತು ಕೆಂಪು ಮಾಡುಗಳ ಚಿತ್ರ ತೆಗೆಯುವವರಿಗೆ ಈ ಸಂಗತಿ ತಿಳಿದಿರಬೇಕು, ಏಕೆಂದರೆ ಆ ಗೋಡೆಗಳ ಸುಣ್ಣಕಲ್ಲನ್ನು ಕಡಿದು ತಂದ ಕೈಗಳಿಗೆ ಆ ಗೋಡೆಗಳ ಮೇಲೆ ಹಕ್ಕಿರಲಿಲ್ಲ.

ಬದಲಾವಣೆ ತಂದದ್ದು ರೈಲು. 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಹಳಿ ಬಂದು ಬಂದರಿನ ಸುತ್ತ ಕಾರ್ಖಾನೆಗಳು ಎದ್ದಾಗ ಹಳ್ಳಿಗಳಿಂದ ಎಸ್ಟೋನಿಯನ್ನರು ಗುಂಪುಗುಂಪಾಗಿ ಬಂದರು. 1904ರ ಚುನಾವಣೆಯಲ್ಲಿ ನಗರಸಭೆ ಮೊದಲ ಬಾರಿಗೆ ಜರ್ಮನರ ಕೈತಪ್ಪಿತು, ಎರಡು ವರ್ಷಗಳ ನಂತರ ವೊಲ್ದೆಮಾರ್ ಲೆಂದರ್ ಎಂಬ ಎಂಜಿನಿಯರು ಊರಿನ ಮೊದಲ ಎಸ್ಟೋನಿಯನ್ ಮೇಯರ್ ಆದರು. ರೈಲು ನಿಲ್ದಾಣದ ಆಚೆಯ ಕಲಮಯಾ ಬಡಾವಣೆಯಲ್ಲಿ ಇಂದಿಗೂ ಸಾಲುಸಾಲಾಗಿ ನಿಂತಿರುವ ಎರಡು ಅಂತಸ್ತಿನ ಹಲಗೆಯ ಮನೆಗಳಿಗೆ ‘ಲೆಂದರ್ ಮನೆ’ ಎಂದೇ ಹೆಸರು. ಕಾರ್ಮಿಕರಿಗೆ ಬಾಡಿಗೆಗೆ ಕೊಡಲೆಂದು ಕಟ್ಟಿದ ಮನೆಗಳವು. ಅವುಗಳ ಪಕ್ಕದಲ್ಲಿ 1920 ಮತ್ತು 30ರ ದಶಕಗಳ ಮತ್ತೊಂದು ಬಗೆ ಕಾಣುತ್ತದೆ: ನಡುವೆ ಕಲ್ಲಿನ ಮೆಟ್ಟಿಲಕೋಣೆ, ಎರಡು ಮಗ್ಗುಲಿಗೆ ಒಂದೇ ಅಳತೆಯ ಮರದ ರೆಕ್ಕೆಗಳು, ಬೆಂಕಿ ಬಿದ್ದರೆ ಜನ ಇಳಿದು ಪಾರಾಗುವ ದಾರಿಯಾದರೂ ಸುಡದೆ ಉಳಿಯಲಿ ಎಂಬ ಲೆಕ್ಕಾಚಾರ ಆ ವಿನ್ಯಾಸದ ಹಿಂದಿದೆ. 1918ರ ಫೆಬ್ರುವರಿ 24ರಂದು ಘೋಷಿತವಾದ ಸ್ವತಂತ್ರ ಗಣರಾಜ್ಯದಲ್ಲಿ ತಾಲಿನ್ ರಾಜಧಾನಿಯಾದಾಗ ಸಾಮಾನ್ಯ ಜನ ಬಾಳಿದ ಊರು ಇದು. ವಸ್ತುಸಂಗ್ರಹಾಲಯದ ಟಿಕೆಟ್ ಬೇಕಿಲ್ಲದೆ ನೋಡಲು ಸಿಗುವ ಈ ಬೀದಿಗಳಿಗೆ ಒಂದು ಗಂಟೆ ಎತ್ತಿಡುವುದು ವಿದ್ಯಾರ್ಥಿಯ ಕಿಸೆಗೂ ಅರಿವಿಗೂ ಒಳ್ಳೆಯದು. ನಿಲ್ದಾಣದ ಮಗ್ಗುಲಿನ ಮಾರುಕಟ್ಟೆಯಲ್ಲಿ ಹುಳಿ ಬರಿಸಿದ ರೈ ಹಿಟ್ಟಿನ ಕಪ್ಪು ಬ್ರೆಡ್ಡು, ಉಪ್ಪಿನಲ್ಲಿ ಹದಗೊಳಿಸಿದ ಪುಟ್ಟ ಮೀನು, ಮಾಂಸ ತಿನ್ನದವರಿಗೆ ಚಾಕೊಲೇಟ್ ಲೇಪಿಸಿದ ಸಿಹಿ ಗಿಣ್ಣಿನ ತುಂಡು, ಎಲ್ಲವೂ ಪುರಭವನದ ಚೌಕಕ್ಕಿಂತ ಕಡಿಮೆ ಬೆಲೆಗೆ ದೊರೆಯುತ್ತವೆ. ಹಳೆಯ ಪಟ್ಟಣದ ಅಂಗಡಿಗಳಲ್ಲಿ ಮಾರುವ ಅಂಬರ್ ಎಂಬ ಹಳದಿ ರಾಳದ ಒಡವೆಗಳನ್ನು ಈ ನೆಲದ ವಿಶೇಷವೆಂದು ಕೊಳ್ಳುವುದು ಬೇಡ. ಅದು ಹೇರಳವಾಗಿ ಸಿಗುವುದು ಬಾಲ್ಟಿಕ್‌ನ ದಕ್ಷಿಣ ತೀರದಲ್ಲಿ.

ಗಣರಾಜ್ಯದ ಬಾಳು ಮೊಟಕಾಗಿತ್ತು. 1939ರ ಆಗಸ್ಟ್ 23ರಂದು ಹಿಟ್ಲರನ ಜರ್ಮನಿ ಮತ್ತು ಸ್ಟಾಲಿನ್‌ನ ಸೋವಿಯತ್ ಒಕ್ಕೂಟ ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡವು. 1940ರಲ್ಲಿ ಸೋವಿಯತ್ ಸೇನೆ, 1941ರಲ್ಲಿ ಜರ್ಮನ್ ಸೇನೆ, 1944ರಲ್ಲಿ ಮತ್ತೆ ಸೋವಿಯತ್ ಸೇನೆ ಈ ಬೀದಿಗಳಲ್ಲಿ ನಡೆದವು. 1949ರ ಮಾರ್ಚ್ ತಿಂಗಳ ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಅದರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ರೈಲಿನ ಸಾಮಾನು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಕ್ಕೆ ಕಳಿಸಲಾಯಿತು. ಇದರ ಗುರುತುಗಳು ಪ್ರವಾಸಿಯ ದಾರಿಯಲ್ಲೇ ಇವೆ. ವರ್ತಕರ ಮನೆಗಳಿರುವ ಅದೇ ಪಿಕ್ ಬೀದಿಯ 59ನೇ ಸಂಖ್ಯೆಯ ಕಟ್ಟಡ ಗುಪ್ತ ಪೊಲೀಸರ ಕಚೇರಿಯಾಗಿತ್ತು. ನೆಲಮಾಳಿಗೆಯ ಸೆರೆಕೋಣೆಗಳ ಸದ್ದು ಬೀದಿಗೆ ಕೇಳಬಾರದೆಂದು ಇಟ್ಟಿಗೆಯಿಟ್ಟು ಮುಚ್ಚಿದ ಕಿಟಕಿಗಳು ಕಾಲುದಾರಿಯ ಮಟ್ಟದಲ್ಲೇ ಕಣ್ಣಿಗೆ ಬೀಳುತ್ತವೆ. ಗೋಡೆಯ ಹೊರಗೆ, ವಿರು ಬಾಗಿಲಿನ ಹತ್ತಿರ, 1972ರಲ್ಲಿ ವಿದೇಶಿ ಪ್ರವಾಸಿಗರಿಗೆಂದು ತೆರೆದ ಹೋಟೆಲ್ ವಿರುವಿನ ಕೊನೆಯ ಅಂತಸ್ತಿನಲ್ಲಿ ಕದ್ದಾಲಿಕೆಯ ಕೋಣೆಯಿತ್ತು, ಅದೂ ಈಗ ವಸ್ತುಸಂಗ್ರಹಾಲಯ. ಆ ಹೋಟೆಲಿನ ಅತಿಥಿಗಳಲ್ಲಿ ಬಹಳಷ್ಟು ಮಂದಿ 1965ರಲ್ಲಿ ಮತ್ತೆ ಆರಂಭವಾದ ಹೆಲ್ಸಿಂಕಿಯ ಹಡಗಿನಲ್ಲಿ ಬಂದ ಫಿನ್ಲೆಂಡಿನವರು. ಇಂದು ವಿದ್ಯಾರ್ಥಿಗಳು ಹತ್ತುವ ಹಡಗುಗಳು ಅದೇ ದಾರಿಯವು. ಆಗ ಇತ್ತಕಡೆಯವರು ಅತ್ತ ಹೋಗುವುದು ಬಲು ಕಷ್ಟವಾಗಿತ್ತು, ಆದರೆ ಉತ್ತರ ಎಸ್ಟೋನಿಯಾದ ಮನೆಗಳಲ್ಲಿ ಫಿನ್ಲೆಂಡಿನ ಟಿವಿ ಕಾಣಿಸುತ್ತಿತ್ತು. ಎರಡು ಭಾಷೆಗಳೂ ಒಂದೇ ಕುಲದವಾದ್ದರಿಂದ ನೋಡುವವರಿಗೆ ಅರ್ಥವೂ ಆಗುತ್ತಿತ್ತು.

ಎಸ್ಟೋನಿಯನ್ನರು ತಮ್ಮದನ್ನಾಗಿ ಕಟ್ಟಿಕೊಂಡ ಜಾಗಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಊರಿನ ಪೂರ್ವಕ್ಕೆ, ಕಾದ್ರಿಯೊರ್ಗ್ ಉದ್ಯಾನದ ಆಚೆ, ಸಮುದ್ರಕ್ಕೆ ಎದುರಾಗಿರುವ ಗಾಯನೋತ್ಸವದ ಬಯಲು. ಪೀಟರ್ ದೊರೆ 1718ರಲ್ಲಿ ಮಡದಿಗಾಗಿ ಆರಂಭಿಸಿದ ಅರಮನೆಯನ್ನೂ 2006ರಲ್ಲಿ ತೆರೆದ ಕುಮು ಕಲಾ ಸಂಗ್ರಹಾಲಯವನ್ನೂ ನೋಡಲು ಟ್ರಾಮ್ ಹತ್ತಿ ಕಾದ್ರಿಯೊರ್ಗ್‌ವರೆಗೆ ಬರುವವರು ಅಲ್ಲಿಂದ ಇನ್ನೂ ಸ್ವಲ್ಪ ದೂರ ನಡೆಯುವುದಿಲ್ಲವೆಂಬುದು ಬೇಸರದ ಸಂಗತಿ. ಇಳಿಜಾರಾದ ಹುಲ್ಲಿನ ಬಯಲು, ಅದರ ತಗ್ಗಿನಲ್ಲಿ 1960ರಲ್ಲಿ ಕಟ್ಟಿದ ಬೃಹತ್ ಕಮಾನಿನ ವೇದಿಕೆ, ಇಷ್ಟೇ ಅಲ್ಲಿರುವುದು. ಜೀತ ಕಳೆದು ಎರಡು ತಲೆಮಾರು ದಾಟಿದ ಮೇಲೆ, 1869ರಲ್ಲಿ ತಾರ್ತು ಪಟ್ಟಣದಲ್ಲಿ ಯೊಹಾನ್ ವೊಲ್ದೆಮಾರ್ ಯಾನ್ಸೆನ್ ಎಂಬ ಪತ್ರಕರ್ತರ ಮುಂದಾಳುತನದಲ್ಲಿ ಹಳ್ಳಿ ಹಳ್ಳಿಗಳ ಗಾಯನ ಮೇಳಗಳು ಒಂದೆಡೆ ಸೇರಿ ಹಾಡಿದವು. ತಮ್ಮ ಭಾಷೆಯವರೆಲ್ಲ ಒಂದು ಜನಾಂಗವೆಂದು ಎಸ್ಟೋನಿಯನ್ನರು ಕಣ್ಣಾರೆ ಕಂಡುಕೊಂಡದ್ದು ಆಗ. ಉತ್ಸವ ಮುಂದೆ ತಾಲಿನ್ನಿಗೆ ಬಂತು, ಈಗ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಹಾಡುವವರ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರುವುದುಂಟು.

ಸೋವಿಯತ್ ಆಡಳಿತ ಈ ಉತ್ಸವವನ್ನು ನಿಲ್ಲಿಸಲಿಲ್ಲ, ತನ್ನ ಹಾಡುಗಳನ್ನು ಅದರೊಳಗೆ ತುರುಕಿತು. ಆದರೆ ಯಾನ್ಸೆನ್ನರ ಮಗಳು, ಕವಯಿತ್ರಿ ಲುದಿಯಾ ಕೊಯ್ದುಲಾ ತಾಯ್ನಾಡನ್ನು ಕುರಿತು ಬರೆದ ಕವಿತೆಗೆ ಸಂಯೋಜಕ ಗುಸ್ತಾವ್ ಎರ್ನೆಸಾಕ್ಸ್ ಹೊಸ ರಾಗ ಹಾಕಿ 1947ರ ಉತ್ಸವದಲ್ಲಿ ಹಾಡಿಸಿದಾಗ ಅದು ಜನರ ಗುಟ್ಟಿನ ನಾಡಗೀತೆಯಾಯಿತು. ಬಳಿಕ ಕಾರ್ಯಕ್ರಮದಿಂದ ಕೈಬಿಟ್ಟರೂ 1960ರಲ್ಲಿ ಮೇಳಗಳು ತಾವಾಗಿಯೇ ಅದನ್ನು ಹಾಡಿದವು. 1988ರ ಬೇಸಿಗೆಯ ರಾತ್ರಿಗಳಲ್ಲಿ ಜನ ಇದೇ ಬಯಲಿಗೆ ಬಂದು, ನಿಷೇಧಿತವಾಗಿದ್ದ ನೀಲಿ ಕಪ್ಪು ಬಿಳಿ ಬಾವುಟ ಬೀಸುತ್ತಾ ಬೆಳಗಿನವರೆಗೆ ಹಾಡಿದರು. ಸೆಪ್ಟೆಂಬರ್ 11ರ ಸಭೆಗೆ ಅಂದಾಜು ಮೂರು ಲಕ್ಷ ಜನ ಸೇರಿದ್ದರು, ಇಡೀ ದೇಶದ ಜನಸಂಖ್ಯೆ ಆಗ ಸುಮಾರು ಹದಿನೈದು ಲಕ್ಷ. 1989ರ ಫೆಬ್ರುವರಿ 24ರಂದು ತೋಂಪೆಯಾ ಕೋಟೆಯ ‘ಉದ್ದನೆಯ ಹೆರ್ಮನ್’ ಗೋಪುರದ ಮೇಲೆ ಆ ಬಾವುಟ ಏರಿತು. ಅದೇ ವರ್ಷ ಆಗಸ್ಟ್ 23ರಂದು, ಗುಟ್ಟಿನ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ ದಿನ, ಆ ಗೋಪುರದಿಂದ ಲಾಟ್ವಿಯಾದ ರೀಗಾ ಮೂಲಕ ಲಿಥುವೇನಿಯಾದ ವಿಲ್ನಿಯಸ್‌ವರೆಗೆ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಸುಮಾರು ಇಪ್ಪತ್ತು ಲಕ್ಷ ಜನ ಕೈಕೈ ಹಿಡಿದು ನಿಂತರು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ತನ್ನ ಸ್ವಾತಂತ್ರ್ಯವನ್ನು ಮರಳಿ ಸ್ಥಾಪಿಸಿಕೊಂಡಿತು. ಮತಪ್ರಚಾರದ ಸೈನಿಕರು, ವರ್ತಕರು, ಜಮೀನ್ದಾರರು, ಮೂವರು ದೊರೆಗಳ ಸೇನಾಪತಿಗಳು ಕಟ್ಟಿದ ಗುಡ್ಡದ ಕೋಟೆಯಲ್ಲಿ ಈಗ ಹಿಂದಿನ ಜೀತದಾಳುಗಳ ಮರಿಮಕ್ಕಳ ಸಂಸತ್ತು ಸೇರುತ್ತದೆ.

ಆದ್ದರಿಂದ ಒಂದೇ ದಿನದ ಬಿಡುವಿರುವ ವಿದ್ಯಾರ್ಥಿ ಹಳೆಯ ಪಟ್ಟಣಕ್ಕೆ ಅರ್ಧ ದಿನ ಸಾಕೆಂದು ತೀರ್ಮಾನಿಸಿಕೊಳ್ಳುವುದು ಲೇಸು. ಉಳಿದ ಅರ್ಧವನ್ನು ಕಲಮಯಾ ಮತ್ತು ಗಾಯನದ ಬಯಲಿಗೆ ಕೊಡಬೇಕು. ಚಳಿಗಾಲದಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿ ಮೊದಲು ಹೊರಗಿನದನ್ನು ನೋಡಿಕೊಳ್ಳಬೇಕಾಗುತ್ತದೆ, ಏಕೆಂದರೆ ಡಿಸೆಂಬರಿನಲ್ಲಿ ಹಗಲು ಆರು ಗಂಟೆಯಷ್ಟೇ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಕತ್ತಲಾಗುತ್ತದೆ. ದೀಪ ಹೊತ್ತಿದ ಪುರಭವನದ ಚೌಕ ಸಂಜೆಗೂ ಚೆನ್ನ. ಹಿಮ ಕವಿದ ಗುಂಡುಕಲ್ಲುಗಳ ಮೇಲೆ ಜಾರದ ಬೂಟು ಬೇಕು. ಟ್ರಾಮು ಬಸ್ಸುಗಳು 2013ರಿಂದ ಉಚಿತವಾಗಿರುವುದು ಊರಿನಲ್ಲಿ ಹೆಸರು ನೋಂದಾಯಿಸಿದ ನಿವಾಸಿಗಳಿಗೆ ಮಾತ್ರ, ಪ್ರವಾಸಿಗಳು ಹಣ ತೆರಬೇಕು. ಗಾಯನೋತ್ಸವ ನಡೆಯುವುದು ಜುಲೈ ತಿಂಗಳ ಮೊದಲ ಭಾಗದಲ್ಲಿ, ವಿಶ್ವವಿದ್ಯಾಲಯಗಳಿಗೆ ರಜೆ ಬಿದ್ದು ವಿದೇಶಿ ವಿದ್ಯಾರ್ಥಿಗಳಲ್ಲಿ ಹಲವರು ಊರಿಗೆ ಮರಳಿದ ಮೇಲೆ. ಹಿಂದಿನದು 2025ರಲ್ಲಿ ಆಯಿತು. ಎರಡು ವರ್ಷಗಳ ವ್ಯಾಸಂಗಕ್ಕೆಂದು ಬಂದವರು ತಮ್ಮ ಅವಧಿಯಲ್ಲಿ ಮಹೋತ್ಸವವೋ, ಅದರ ನಡುವಣ ವರ್ಷಗಳಲ್ಲಿ ಕಿರಿಯರಿಗಾಗಿ ನಡೆಯುವ ಉತ್ಸವವೋ ಬೀಳುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಊರಿಗೆ ಹೊರಡುವ ವಿಮಾನದ ಟಿಕೆಟ್ಟನ್ನು ಆ ವಾರದ ನಂತರಕ್ಕೆ ಕೊಳ್ಳುವುದು ಒಳ್ಳೆಯದು.